ಹಾವು ಕಡಿತ: ನಮ್ಮ ಕಡೆ ನಿಜಕ್ಕೂ ಇಷ್ಟು ಜಾಸ್ತಿನಾ? ನೀವೆಲ್ಲ ಏನು ಎಚ್ಚರಿಕೆ ತಗೋತೀರಿ?

ಕಾನುಮನೆ
ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆ ಮಾವನವರ ತೋಟಕ್ಕೆ ಬಂದು ನೆಲೆಸಿದ್ದೇವೆ. ಮನೇಲಿ ಇಬ್ಬರು ಸಣ್ಣ ಮಕ್ಕಳು. ಈ ಮಳೆಗಾಲದಲ್ಲಿ ನಮ್ಮ ಆಸುಪಾಸಿನಲ್ಲೇ ಇಬ್ಬರಿಗೆ ಹಾವು ಕಡೀತು. ಒಬ್ಬರಿಗೆ ಏನೂ ಆಗಲಿಲ್ಲ. ಇನ್ನೊಬ್ಬರು ಉದುರಿದ ಅಡಿಕೆ ಹೆಕ್ಕೋಕೆ ಬರ್ತಿದ್ದ ಹೆಂಗಸು. ಕಡಿದಿದ್ದು ಕೊಳಕುಮಂಡಲ, ಡಯಾಲಿಸಿಸ್ ತನಕ ಹೋಯ್ತು. ಈಗ ಹುಷಾರಾಗಿದ್ದಾರೆ, ಆದ್ರೆ ಕಾಲು ಮೊದಲಿನಂಗಿಲ್ಲ.

ನನ್ನ ಯಜಮಾನರು "ಹಾವಿಗಿಂತ ಬೈಕಲ್ಲಿ ಸಾಯೋರು ಜಾಸ್ತಿ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂತಾರೆ. ಅತ್ತೆ "ನಾವು ಅದರ ತಂಟೆಗೆ ಹೋಗದಿದ್ರೆ ಅದು ನಮ್ಮ ತಂಟೆಗೆ ಬರಲ್ಲ" ಅಂತಾರೆ. ಆ ಹೆಂಗಸು ಯಾವ ತಂಟೆಗೆ ಹೋಗಿದ್ರು ಅಂತ ಕೇಳಿದ್ರೆ ಉತ್ತರ ಇಲ್ಲ.

ನನ್ನ ಪ್ರಶ್ನೆ ಎರಡೇ. ಇದು ನಿಜಕ್ಕೂ ಎಷ್ಟು ಸಾಮಾನ್ಯ? ತಪ್ಪಿಸೋಕೆ ನೀವು ಮನೇಲಿ, ತೋಟದಲ್ಲಿ ಏನು ಮಾಡ್ತೀರಿ? "ಆಸ್ತೀಕ ಆಸ್ತೀಕ" ಅನ್ನಿ ಅನ್ನೋ ಸಲಹೆ ಆಗಲೇ ಸಿಕ್ಕಿದೆ, ಬೇರೆ ಹೇಳಿ.

ಹುಣಸೆಮರದಡಿ
ಗಂಬೂಟು, ಟಾರ್ಚು, ಸೊಳ್ಳೆಪರದೆ. ಮುಗೀತು.

ಲೆಕ್ಕಪತ್ರ
ಮೊದಲನೇ ಪ್ರಶ್ನೆಗೆ ನಾನು ಹೇಳ್ತೀನಿ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನ 2020ರಲ್ಲಿ ಬಂತು. ಮನೆಮನೆಗೆ ಹೋಗಿ, ಸತ್ತವರ ಮನೆಯವರನ್ನ ಕೇಳಿ ಮಾಡಿದ ಅಂದಾಜು ಅದು. ವರ್ಷಕ್ಕೆ ಸರಾಸರಿ 58,000. ಇಡೀ ಪ್ರಪಂಚದಲ್ಲಿ ವರ್ಷಕ್ಕೆ 81,000ದಿಂದ 1,38,000 ಸಾವು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದರಲ್ಲಿ ನಮ್ಮ ಪಾಲು ಎಷ್ಟು ಅಂತ ನೀವೇ ನೋಡಿ. ಸತ್ತವರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ 15 ವರ್ಷದೊಳಗಿನ ಮಕ್ಕಳು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಬೈಕ್ ಅಪಘಾತದ ಸಂಖ್ಯೆ ಇದಕ್ಕಿಂತ ದೊಡ್ಡದು, ಯಜಮಾನರ ಮಾತು ಸುಳ್ಳಲ್ಲ. ಆದ್ರೆ ಬೈಕ್ ಓಡಿಸೋರು ಹೆಲ್ಮೆಟ್ ಹಾಕ್ತಾರೆ (ಹಾಕಬೇಕು). ತೋಟಕ್ಕೆ ಹೋಗೋರು ಏನು ಹಾಕ್ತಾರೆ? ಹವಾಯಿ ಚಪ್ಪಲಿ.

ಮಲೆನಾಡಿಗ_74
@ಲೆಕ್ಕಪತ್ರ ಅದೇ ಅಧ್ಯಯನದಲ್ಲಿ ಮುಕ್ಕಾಲುಪಾಲು ಸಾವು ಬಿಹಾರ, ಜಾರ್ಖಂಡ್, ಮಧ್ಯಪ್ರದೇಶ, ಒಡಿಶಾ, ಉತ್ತರಪ್ರದೇಶ, ಆಂಧ್ರ-ತೆಲಂಗಾಣ, ರಾಜಸ್ಥಾನ, ಗುಜರಾತ್‌ನಲ್ಲಿ ಅಂತ ಇದೆ. ಕರ್ನಾಟಕ ಆ ಪಟ್ಟಿಯಲ್ಲೇ ಇಲ್ಲ. ಮಕ್ಕಳಿರೋ ತಾಯಿಗೆ ಸುಮ್ನೆ ಯಾಕೆ ಹೆದರಿಸ್ತೀರಿ?

ಲೆಕ್ಕಪತ್ರ
ಮುಕ್ಕಾಲು ಅಲ್ಲ, 70 ಪರ್ಸೆಂಟ್. ಪಟ್ಟೀಲಿ ಇಲ್ಲ ಅಂದ್ರೆ ಇಲ್ಲಿ ಯಾರೂ ಸಾಯಲ್ಲ ಅಂತ ಅಲ್ಲ ಸ್ವಾಮಿ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸ್ತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಈಗ ಖಾಸಗಿ ಆಸ್ಪತ್ರೆಯವರೂ ಲೆಕ್ಕ ಕೊಡಬೇಕು. ಅದಕ್ಕೆ ಮುಂಚೆ ಖಾಸಗಿಗೆ ಹೋದವರು, ನಾಟಿ ವೈದ್ಯರ ಹತ್ರ ಹೋದವರು, ದಾರೀಲೇ ಹೋದವರು ಯಾರ ಲೆಕ್ಕಕ್ಕೂ ಸಿಗ್ತಿರಲಿಲ್ಲ. ಇನ್ಮುಂದೆ ಸಂಖ್ಯೆ ಏರಿದ್ರೆ ಹಾವು ಜಾಸ್ತಿ ಆಯ್ತು ಅಂತ ಪೇಪರ್‌ನವರು ಬರೀತಾರೆ. ಅದಕ್ಕೂ ಸಿದ್ಧರಾಗಿರಿ.

ಗೋಧೂಳಿ
ಕೃಷಿ ಇಲಾಖೆಯಿಂದ ಪರಿಹಾರ ಸಿಗಬೇಕು ಅಂದ್ರೂ ಮರಣೋತ್ತರ ಪರೀಕ್ಷೆ ವರದಿ ಬೇಕು. ನಮ್ಮ ಕಡೆ ಎಷ್ಟೋ ಜನ "ಹೆಣ ಕುಯ್ಸೋದು ಬೇಡ" ಅಂತ ಹಾಗೇ ಮಣ್ಣು ಮಾಡ್ತಾರೆ. ಲೆಕ್ಕವೂ ಹೋಯ್ತು, ಪರಿಹಾರವೂ ಹೋಯ್ತು.

ರಾತ್ರಿಪಾಳಿ
ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್. ಊರು ಹೇಳಲ್ಲ. ಮಳೆಗಾಲದಲ್ಲಿ ರಾತ್ರಿ ಡ್ಯೂಟಿ ಅಂದ್ರೆ ಹೆರಿಗೆ ಮತ್ತು ಹಾವು.

ನಾವು ಏನು ನೋಡ್ತೀವಿ ಅಂತ ಹೇಳಿದ್ರೆ ಕೆಲವರಿಗಾದ್ರೂ ಉಪಯೋಗ ಆಗಬಹುದು. "ಹುಳ ಮುಟ್ಟಿದೆ" ಅಂತ ಕರ್ಕೊಂಡು ಬರ್ತಾರೆ, ಯಾವ ಹುಳ ಅಂತ ಬಹಳ ಸಲ ಗೊತ್ತಿರಲ್ಲ. ಗೊತ್ತಿರಲೇಬೇಕು ಅಂತಲೂ ಇಲ್ಲ. ಎರಡು ಮಿಲಿ ರಕ್ತ ತೆಗೆದು ಒಣಗಿದ, ಚೊಕ್ಕ ಗಾಜಿನ ನಳಿಕೆಗೆ ಹಾಕಿ ಮೇಜಿನ ಮೇಲೆ ಅಲ್ಲಾಡಿಸದೆ ಇಡ್ತೀವಿ. ಪ್ಲಾಸ್ಟಿಕ್ ಆಗಲ್ಲ, ಸೋಪಿನಲ್ಲಿ ತೊಳೆದ ಗಾಜೂ ಆಗಲ್ಲ. ಇಪ್ಪತ್ತು ನಿಮಿಷ ಆದ್ಮೇಲೆ ಒಂದೇ ಸಲ ಓರೆ ಮಾಡಿ ನೋಡೋದು. ಹೆಪ್ಪುಗಟ್ಟಿದ್ರೆ ಸದ್ಯಕ್ಕೆ ಸರಿ. ನೀರಿನ ಥರ ಹರಿದ್ರೆ ಮಂಡಲ ಜಾತಿ ಹಾವಿನ ವಿಷ ರಕ್ತಕ್ಕೆ ಸೇರಿದೆ ಅಂತ, ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡೋ ಮದ್ದು) ಶುರು. ಇಷ್ಟೇ ಪರೀಕ್ಷೆ, ಯಾವ ಮೆಷೀನೂ ಬೇಡ. ಮೊದಲ ಸಲ ಸರಿ ಬಂತು ಅಂತ ಮನೆಗೆ ಕಳಿಸಲ್ಲ, ಮತ್ತೆ ಮತ್ತೆ ಮಾಡ್ತೀವಿ. 24 ಗಂಟೆ ನಿಗಾದಲ್ಲಿ ಇರಲೇಬೇಕು. ಜಗಳ ಆಗೋದೇ ಇಲ್ಲಿ. "ಏನೂ ಆಗಿಲ್ವಲ್ಲ ಸಾರ್, ಹಾಲು ಕರೀಬೇಕು, ಬಿಡಿ" ಅಂತಾರೆ.

ನನಗೆ ಹೆಚ್ಚು ಭಯ ಕಟ್ಟುಹಾವಿಂದು (ಕರಾವಳಿ ಕಡೆ ಕಡಂಬಳ ಅಂತಾರೆ). ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತೆ. ಬಾವು ಇಲ್ಲ, ನೋವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣಲ್ಲ. ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದು ಕೂರ್ತಾರೆ. ಮನೆಯವರು ಓಂಕಾಳು ಕಷಾಯ ಕೊಡ್ತಾರೆ. ಆಮೇಲೆ ರೆಪ್ಪೆ ಬೀಳೋಕೆ ಶುರು, ಮಾತು ತೊದಲುತ್ತೆ, ಉಗುಳು ನುಂಗೋಕಾಗಲ್ಲ. ನಾವು "ಒಂದೇ ಉಸಿರಲ್ಲಿ ಎಣಿಸಿ ನೋಡೋಣ" ಅಂತೀವಿ. ಇಪ್ಪತ್ತು ಎಣಿಸ್ತಿದ್ದವರು ಅರ್ಧ ಗಂಟೆ ಬಿಟ್ಟು ಹತ್ತಕ್ಕೆ ನಿಲ್ಲಿಸಿದ್ರೆ ಕೃತಕ ಉಸಿರಾಟಕ್ಕೆ ತಯಾರಿ. ವೆಂಟಿಲೇಟರ್ ಮೇಲೆ ಕೈಕಾಲು, ರೆಪ್ಪೆ ಯಾವುದೂ ಅಲ್ಲಾಡದೆ ಮಲಗಿದವರನ್ನ ನೋಡಿ ಸಂಬಂಧಿಕರು "ಹೋಗಿಬಿಟ್ರು" ಅಂತ ಅಳ್ತಾರೆ. ಮಲಗಿದವರಿಗೆ ಅದೆಲ್ಲ ಕೇಳಿಸ್ತಾ ಇರುತ್ತೆ. ಅಷ್ಟು ದಿನ ಉಸಿರಾಟ ನಡೆಸಿಕೊಟ್ರೆ ಇಂಥವರು ಕೆಲವು ದಿನದಲ್ಲಿ ಎದ್ದು ನಡ್ಕೊಂಡು ಮನೆಗೆ ಹೋಗ್ತಾರೆ. ಹಾಗಾಗಿ ಮಳೆಗಾಲದಲ್ಲಿ ನಸುಕಿನ ಹೊಟ್ಟೆನೋವು ಜೊತೆಗೆ ರೆಪ್ಪೆ ಭಾರ ಅಂದ್ರೆ ಗ್ಯಾಸ್ಟ್ರಿಕ್ ಅಂತ ಕೂರಬೇಡಿ.

ಕಾನುಮನೆ
@ರಾತ್ರಿಪಾಳಿ ಓದಿ ಮೈ ಜುಮ್ ಅಂತು. ಮಕ್ಕಳನ್ನ ಇವತ್ತಿಂದ ಮಂಚದ ಮೇಲೇ ಮಲಗಿಸೋದು. ಇನ್ನೊಂದು ಡೌಟು, ಮಕ್ಕಳಿಗೆ ಆಂಟಿವೆನಮ್ ಕಮ್ಮಿ ಕೊಡ್ತಾರಾ?

ರಾತ್ರಿಪಾಳಿ
ಇಲ್ಲ, ದೊಡ್ಡವರಿಗೆ ಎಷ್ಟೋ ಅಷ್ಟೇ. ಹಾವು ಮಗು ಅಂತ ನೋಡಿ ವಿಷ ಕಮ್ಮಿ ಬಿಡಲ್ಲ. ಸಾಮಾನ್ಯವಾಗಿ ಎಂಟು-ಹತ್ತು ಬಾಟಲಿಯಿಂದ ಶುರು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಸುರಿಯರಿಗೂ ಇದೇ ಡೋಸು.

ಹಸಿರುಪೊದೆ
ಎಲ್ಲ ಇಂಗ್ಲಿಷ್ ಮದ್ದಿನ ಜಾಹೀರಾತು ಆಯ್ತಲ್ಲ! ನಮ್ಮೂರಲ್ಲಿ ಒಬ್ಬರು ಅಜ್ಜ ಬೇರು ತೇಯ್ದು ಕೊಟ್ಟು ನೂರಾರು ಜನರನ್ನ ಉಳಿಸಿದ್ದಾರೆ, ಒಂದು ರೂಪಾಯಿ ತಗೊಂಡಿಲ್ಲ. ಆಂಟಿವೆನಮ್ ಅಲರ್ಜಿ ಆಗಿ ಸತ್ತವರೂ ಇದ್ದಾರೆ, ಅದನ್ನ ಯಾಕೆ ಹೇಳಲ್ಲ?

ಕೇರೆಹಾವಿನ_ಗೆಳೆಯ
@ಹಸಿರುಪೊದೆ ಅಜ್ಜನ ಮೇಲೆ ಗೌರವ ಇದೆ. ಆದ್ರೆ ಲೆಕ್ಕ ಹಾಕಿ. ನಮ್ಮ ಸುತ್ತಮುತ್ತ ಕಾಣೋ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ಕೇರೆ, ತೋಳಹಾವು, ನೀರುಹಾವು ಕಡಿದ್ರೆ ಬೇರು ಕೊಟ್ರೂ ಬದುಕ್ತಾರೆ, ಬರೀ ಕಾಫಿ ಕೊಟ್ರೂ ಬದುಕ್ತಾರೆ. ವಿಷದ ಹಾವೂ ಪ್ರತಿ ಸಲ ವಿಷ ಬಿಡಲ್ಲ. ಇವರೆಲ್ಲ ಅಜ್ಜನ ಖಾತೆಗೆ ಜಮೆ. ನಿಜವಾಗಿ ವಿಷ ಏರಿದವರು ಸತ್ರೆ "ತಡವಾಗಿ ತಂದ್ರು, ಆಯಸ್ಸು ಅಷ್ಟೇ ಇತ್ತು". ಖರ್ಚಿನ ಪಟ್ಟಿ ಯಾರೂ ಬರೆದಿಡಲ್ಲ.

ರಾತ್ರಿಪಾಳಿ
ಅಲರ್ಜಿ ವಿಷಯ ನಿಜ. ಆಂಟಿವೆನಮ್ ತಯಾರಾಗೋದು ಕುದುರೆಯ ರಕ್ತದಿಂದ, ಕೆಲವರ ಮೈ ಅದನ್ನ ಒಪ್ಪಲ್ಲ. ಮೈಯೆಲ್ಲ ದದ್ದು, ಬಿಪಿ ಇಳಿಯೋದು ಎಲ್ಲ ಆಗುತ್ತೆ. ಅದಕ್ಕೇ ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟುಕೊಂಡೇ ಡ್ರಿಪ್ ಶುರು ಮಾಡೋದು. ಅದನ್ನ ಸಂಭಾಳಿಸಬಹುದು. ವಿಷ ಏರಿದವರನ್ನ ಮನೇಲಿ ಸಂಭಾಳಿಸೋಕಾಗಲ್ಲ. ಅಜ್ಜನಿಗೆ ನಮಸ್ಕಾರ ಹೇಳಿ, "ಮೊದಲು ಆಸ್ಪತ್ರೆಗೆ ಹೋಗಿ" ಅಂತ ಅವರ ಬಾಯಿಂದಲೇ ಹೇಳಿಸಿ. ನಮ್ಮ ಮಾತಿಗಿಂತ ಅವರ ಮಾತು ಊರಲ್ಲಿ ನಡೆಯುತ್ತೆ.

ಎರಿಹೊಲ
ನಾವು ಗದಗ ಕಡೆಯವ್ರ್ರೀ. ನೀವು ಎಲ್ಲಾರೂ ಗಂಬೂಟು, ಟಾರ್ಚು ಅಂತ ಹೇಳಾಕ್ಹತ್ತೀರಿ, ಖರೇ ಐತಿ. ಆದ್ರ ರೈತ ಕತ್ತಲದಾಗ ಹೊಲಕ್ಕ ಯಾಕ ಹೊಕ್ಕಾನ ಅಂತ ಒಬ್ರೂ ಕೇಳವಲ್ರಿ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೊಡೂದ ರಾತ್ರಿ. ಹನ್ನೆರಡಕ್ಕ ಬರ್ತೈತಿ, ನಡುವ ಹೊಕ್ಕೈತಿ, ಮತ್ತ ಬರ್ತೈತಿ. ನೀರ ಹಾಯ್ಸಾಕ ಹೋಗ್ಲೇಬೇಕು. ಮಡಿ ಒಡ್ಯಾಕ ಬಗ್ಗಿದ್ರ ಒಂದ್ ಕೈಯಾಗ ಸಲಿಕಿ, ಇನ್ನೊಂದ್ ಕೈಯಾಗ ಮೊಬೈಲ್ ಬ್ಯಾಟ್ರಿ. ಕೆಸರಾಗ ಗಂಬೂಟು ಹುಗದ್ರ ಕಾಲು ಹೊರಗ ಬರ್ತೈತಿ, ಬೂಟು ಅಲ್ಲೇ ಉಳೀತೈತಿ. ಹಂಗಾಗಿ ಬರಿಗಾಲು. ನನ್ನ ಕಾಕಾನ ಮಗಗ ಹಿಂಗ ಬದುವಿನ ಮ್ಯಾಲ ಕಡೀತು, ಗರಗಸ ಮಂಡಲ. ಹಾವು ಸಣ್ಣದು, ಒಂದ್ ಗೇಣು. ಸಣ್ಣದೈತಲ್ಲ, ಏನಾಗ್ತೈತಿ ಅಂತ ಮುಂಜಾನಿ ತನಕ ಸುಮ್ನಿದ್ದ. ವಸಡಿನಾಗ ರಕ್ತ ಬಂದ ಮ್ಯಾಲ ಹುಬ್ಬಳ್ಳಿಗೆ ಒಯ್ದಿವಿ. ಉಳದಾನ.

ಹಗಲಿ ಕರೆಂಟ್ ಕೊಡ್ರಿ, ಅರ್ಧ ಹಾವು ಕಡ್ಯೂದು ತಾನಾ ನಿಂದರ್ತೈತಿ.

ಹುಣಸೆಮರದಡಿ
@ಎರಿಹೊಲ ಇದಕ್ಕೆ ನೂರು ಲೈಕು.

ಮಲೆನಾಡಿಗ_74
ಎಲ್ಲದಕ್ಕೂ ಸರ್ಕಾರನೇ ಬೈದ್ರೆ ಹೇಗೆ? ಹಗಲಲ್ಲಿ ಎಲ್ಲರಿಗೂ ಒಟ್ಟಿಗೆ ಕೊಡೋಕೆ ಕರೆಂಟ್ ಎಲ್ಲಿದೆ? ಫ್ಯಾಕ್ಟರಿ ನಿಲ್ಲಿಸಬೇಕಾ?

ಎರಿಹೊಲ
ಸೋಲಾರ್ ಹಗಲೀನ ಹುಟ್ಟತೈತಿ ಸರ, ರಾತ್ರಿ ಅಲ್ಲ. ಪಾವಗಡದಾಗ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಮಾಡ್ಯಾರ. ಫೀಡರಿಗೆ ಸೋಲಾರ್ ಹಾಕಿ ಹಗಲಿ ಏಳು ತಾಸು ಕೊಡ್ತೀವಿ ಅಂತ ಅವ್ರ ಹೇಳ್ಯಾರ. ಕೆಲವು ಕಡೆ ಕೊಡಾಕ್ಹತ್ಯಾರ, ನಮ್ಮ ಊರಿಗೆ ಇನ್ನೂ ಬಂದಿಲ್ಲ.

ಗೋಧೂಳಿ
ವಿಷಯ ಕರೆಂಟಿಗೆ ಹೋಯ್ತು. ಆದ್ರೂ ಇವರು ಹೇಳಿದ್ದು ಸರಿ. ಹಾವು ಕಡಿತ ಅಂದ್ರೆ ಬಡವರ ಕಾಯಿಲೆ. ಮಂಚ ಇಲ್ಲದವರು, ಬೂಟಿಲ್ಲದವರು, ಮನೇಲಿ ಶೌಚಾಲಯ ಇಲ್ಲದೆ ಕತ್ತಲಲ್ಲಿ ಹೊರಗೆ ಹೋಗೋರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಕಡೆಗಣಿಸಿದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಸುಮ್ನೆ ಅಲ್ಲ. ನಮ್ಮ ಕೇಂದ್ರ ಸರ್ಕಾರವೂ 2024ರಲ್ಲಿ ಕ್ರಿಯಾಯೋಜನೆ ತಂದು, 2030ರೊಳಗೆ ಸಾವು ಅರ್ಧಕ್ಕೆ ಇಳಿಸ್ತೀವಿ ಅಂದಿದೆ. ನೋಡೋಣ.

ಸುಬ್ಬಕ್ಕ_ಸಿರ್ಸಿ
ಕಾನುಮನೆ ತಂಗೀ, ನಾ ಮನೆ ಒಳಗಿನ ವಿಷಯ ಹೇಳ್ತೆ. ಗಂಡಸರಿಗೆ ಹೊಲ ತೋಟ ಬಿಟ್ಟರೆ ಬೇರೆ ಕಾಣ್ತಿಲ್ಲೆ.

ಬಚ್ಚಲ ಒಲೆ ಹತ್ರ ಕಟ್ಟಿಗೆ ರಾಶಿ ಹಾಕಿಟ್ಟುಕೊಳ್ಳೋ ಅಭ್ಯಾಸ ನಮ್ಮ ಕಡೆ ಎಲ್ಲರದ್ದೂ. ಮಳೆಗಾಲದಲ್ಲಿ ಒಳಗೆ ಬೆಚ್ಚಗೆ, ಇಲಿಯೂ ಬತ್ತು, ಇಲಿ ಹಿಂದೆ ಹಾವೂ ಬತ್ತು. ಕಟ್ಟಿಗೆ ಮನೆಯಿಂದ ದೂರ, ನೆಲದಿಂದ ಎತ್ತರಕ್ಕೆ ಅಟ್ಟಣಿಗೆ ಮಾಡಿ ಇಡು. ಕೈ ಹಾಕೋ ಮುಂಚೆ ಕೋಲಲ್ಲಿ ಕುಟ್ಟು. ಕೊಟ್ಟಿಗೆಗೆ ಹಾಸೋ ದರಕು, ಸೊಪ್ಪಿನ ಹೊರೆ ಅಷ್ಟೇ. ಹೊರೆ ಬಿಚ್ಚುವಾಗ ಬರಿಗೈ ಬೇಡ. ಕೋಳಿಗೂಡಿಗೆ ಮೊಟ್ಟೆ ತೆಗೆಯೋಕೆ ಮಕ್ಕಳನ್ನ ಕಳಿಸಲೇಬೇಡ. ಅಂಗಳದ ಚಪ್ಪಲಿ ಒದರಿ ಹಾಕ್ಕೊಳ್ಳೋದು ಕಲಿಸು. ಬಾಗಿಲ ಕೆಳಗೆ ಬೆರಳು ಹೋಗೋಷ್ಟು ಸಂದಿ ಇದ್ರೆ ರಬ್ಬರ್ ಪಟ್ಟಿ ಹೊಡೆಸು, ಬಚ್ಚಲ ನೀರು ಹೋಗೋ ತೂತಿಗೆ ಜಾಳಿಗೆ. ಸೊಳ್ಳೆಪರದೆ ಸುಮ್ನೆ ಇಳಿಬಿಟ್ಟರೆ ಉಪಯೋಗ ಇಲ್ಲ, ಅಂಚು ಹಾಸಿಗೆ ಅಡಿಗೆ ಸುತ್ತಲೂ ಸಿಕ್ಕಿಸಬೇಕು. ಮಗು ರಾತ್ರಿ ಎದ್ದು ಹೊರಗೆ ಬಂದ್ರೆ ಮತ್ತೆ ಸಿಕ್ಕಿಸಬೇಕು, ಅದೇ ಕಷ್ಟ.

ಬೆಳ್ಳುಳ್ಳಿ ನೀರು, ಫಿನಾಯಿಲು, ಕಾರ್ಬಾಲಿಕ್ ಎಲ್ಲ ಹಾಕಿ ನೋಡಿದವರಿದ್ದಾರೆ. ಫಿನಾಯಿಲ್ ಬಳಿದ ಮೆಟ್ಟಿಲ ಮೇಲೇ ನಾಗರಹಾವು ಬಿಸಿಲು ಕಾಯಿಸ್ತಿತ್ತು ನಮ್ಮನೇಲಿ.

ಕಾನುಮನೆ
ಸುಬ್ಬಕ್ಕಾ, ಫಿನಾಯಿಲ್ ಬಾಟಲಿ ನಿನ್ನೆ ತಾನೇ ಎರಡು ತರಿಸಿದ್ದೆ 😀

ಶುಭೋದಯ_ಬಳಗ
ತುಂಬಾ ಉಪಯುಕ್ತ ಮಾಹಿತಿ!! ಎಲ್ಲರ ಮನೆಯಲ್ಲೂ ಇರಲಿ: ನಾಜಾ 200 ಹೋಮಿಯೋಪತಿ ಔಷಧಿ, ಹಾವು ಕಡಿದ ತಕ್ಷಣ ನಾಲಿಗೆ ಮೇಲೆ ಒಂದು ಹನಿ, 10 ನಿಮಿಷಕ್ಕೊಮ್ಮೆ ಮೂರು ಸಲ. ಯಾವ ಹಾವಾದರೂ ಸರಿ, ಪ್ರಾಣ ಉಳಿಯುವುದು ಖಚಿತ. ಹತ್ತು ಜನರಿಗೆ ಕಳುಹಿಸಿ 🙏🙏

ಲೆಕ್ಕಪತ್ರ
ಈ ಮೆಸೇಜಿಗೆ ವಯಸ್ಸಾಯ್ತು, ಇನ್ನೂ ಸಾಯ್ತಿಲ್ಲ.

ರಾತ್ರಿಪಾಳಿ
ದಯವಿಟ್ಟು ಬೇಡ. ಆ ಅರ್ಧ ಗಂಟೆಯಲ್ಲಿ ಗಾಡಿ ಹತ್ತಿದ್ರೆ ಎಷ್ಟು ದೂರ ಹೋಗಬಹುದು ನೋಡಿ. 108ಕ್ಕೆ ಫೋನ್ ಮಾಡಿ, ಬರೋದು ತಡ ಅಂದ್ರೆ ಬೈಕಲ್ಲಿ ಇಬ್ಬರ ಮಧ್ಯೆ ಕೂರಿಸಿ ತನ್ನಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ. ಹಗ್ಗ ಕಟ್ಟಿದ ಕಾಲು ಕಪ್ಪಗಾಗಿ ಬಂದಿರೋದು ನೋಡಿದ್ದೀನಿ, ವಿಷಕ್ಕಿಂತ ಹಗ್ಗವೇ ಕಾಲು ತಿಂದಿತ್ತು. ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಐಸ್ ಬೇಡ. ಉಂಗುರ, ಬಳೆ, ಕಾಲುಂಗುರ, ಉಡುದಾರ ತಕ್ಷಣ ತೆಗೀರಿ, ಬಾವು ಬಂದ್ಮೇಲೆ ಕತ್ತರಿಸಬೇಕಾಗುತ್ತೆ. ಕಡಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಒಂದು ದಬ್ಬೆ ಇಟ್ಟು ಸಡಿಲವಾಗಿ ಸುತ್ತಿ. ನಡೆಸಬೇಡಿ.

ಸಿಡ್ನಿಯಲ್ಲಿ_ಸಾಗರದವ
ಇಲ್ಲಿ ಆಸ್ಟ್ರೇಲಿಯಾದಲ್ಲಿ ಶಾಲೇಲೇ ಕಲಿಸ್ತಾರೆ, ಕಡಿದ ಜಾಗದಿಂದ ಇಡೀ ಕಾಲಿಗೆ ಅಗಲ ಬ್ಯಾಂಡೇಜು ಬಿಗಿಯಾಗಿ ಸುತ್ತಬೇಕು ಅಂತ. ಇಷ್ಟು ವಿಷದ ಹಾವಿರೋ ದೇಶದಲ್ಲಿ ವರ್ಷಕ್ಕೆ ಸಾಯೋರು ಎರಡೋ ಮೂರೋ ಜನ. ಅಲ್ಲೂ ಯಾಕೆ ಮಾಡಬಾರದು?

ರಾತ್ರಿಪಾಳಿ
ಅಲ್ಲಿನ ಹಾವಿನ ವಿಷ ಬೇರೆ ಥರ. ನಮ್ಮ ಮಂಡಲದ ವಿಷ ಕಡಿದ ಜಾಗದ ಮಾಂಸವನ್ನೇ ಕೊಳೆಸುತ್ತೆ, ಬಿಗಿ ಸುತ್ತಿದ್ರೆ ವಿಷವೆಲ್ಲ ಅಲ್ಲೇ ನಿಂತು ಇನ್ನೂ ಕೆಡುತ್ತೆ. ಅದಕ್ಕೆ ಇಲ್ಲಿ ಎಲ್ಲರಿಗೂ ಹೇಳಲ್ಲ. ಅಲ್ಲಿ ಸಾವು ಕಮ್ಮಿ ಇರೋದು ಬ್ಯಾಂಡೇಜಿಗಿಂತ ಹೆಚ್ಚಾಗಿ ಶೂ, ಹಾಸಿಗೆ, ಆಂಬುಲೆನ್ಸ್ ಎಲ್ಲರಿಗೂ ಇರೋದ್ರಿಂದ.

ಕೇರೆಹಾವಿನ_ಗೆಳೆಯ
ಆಂಟಿವೆನಮ್ ಬಗ್ಗೆ ಇನ್ನೊಂದು ಮಾತು. ನಮ್ಮಲ್ಲಿ ಸಿಗೋದು ನಾಲ್ಕು ಹಾವಿಗೆ ಸೇರಿಸಿ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷದಲ್ಲಿ ಹೆಚ್ಚಿನದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತೆ. ಒಂದೇ ಜಾತಿ ಹಾವಾದ್ರೂ ಊರಿಂದೂರಿಗೆ ವಿಷದಲ್ಲಿ ವ್ಯತ್ಯಾಸ ಇದೆ, ಕೆಲವು ಕಡೆ ಈ ಮದ್ದು ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ಮಲೆನಾಡಿನವರಿಗೆ ಮುಖ್ಯವಾದದ್ದು ಇದು: ಇಲ್ಲಿ ಗಿಡ್ಡಗಿರೋ, ಮೂತಿ ಮೇಲೆತ್ತಿದ ಒಂದು ಗುಳಿಮಂಡಲ ಇದೆ, ತರಗೆಲೆ ಮಧ್ಯೆ ಇದ್ರೆ ಕಣ್ಣಿಗೇ ಬೀಳಲ್ಲ. ಅದರ ವಿಷದಿಂದ್ಲೂ ಕಿಡ್ನಿ ಹೋಗಬಹುದು, ಈ ಆಂಟಿವೆನಮ್ ಅದಕ್ಕೆ ನಾಟಲ್ಲ. ಅಂಥದ್ದಕ್ಕೆ ಕಡಿಸಿಕೊಳ್ಳದೇ ಇರೋದೇ ಮದ್ದು.

ಹಸಿರುಪೊದೆ
ನೋಡಿ, ನೀವೇ ಹೇಳ್ತಿದ್ದೀರಿ ಮದ್ದು ನಾಟಲ್ಲ ಅಂತ.

ಕೇರೆಹಾವಿನ_ಗೆಳೆಯ
ಒಂದು ಜಾತಿಗೆ ನಾಟಲ್ಲ ಅಂದೆ. ಅದಕ್ಕೂ ಡಯಾಲಿಸಿಸ್ ಆಸ್ಪತ್ರೆಯಲ್ಲೇ ಇರೋದು, ಅಜ್ಜನ ಜಗಲಿಯಲ್ಲಿ ಅಲ್ಲ.

ಮಂಡ್ಯದ_ಗಂಡು
ನಮ್ ಕಡೆ ಹುಡುಗ್ರು ಹಾವ್ ಹಿಡ್ದು ರೀಲ್ಸ್ ಮಾಡೋದು ಜಾಸ್ತಿ ಆಗೈತೆ. ಬಾಲ ಹಿಡ್ಕಂಡು, ಇನ್ನೊಂದ್ ಕೈಲಿ ಫೋನು. ಬೈದ್ರೆ "ಅಣ್ಣಾ, ಸ್ನೇಕ್ ಲವರ್" ಅಂತವೆ. ಕಚ್ಚುಸ್ಕಂಡ್ಮೇಲೆ ಲವ್ವು ಗೊತ್ತಾಯ್ತದೆ.

ಕೇರೆಹಾವಿನ_ಗೆಳೆಯ
ನಿಜ. ಆಸ್ಪತ್ರೆಗೆ ತೋರಿಸೋಕೆ ಅಂತಲೂ ಹಾವನ್ನ ಹಿಡಿಯೋದು, ಹೊಡೆಯೋದು ಬೇಡ. ಇನ್ನೊಬ್ಬರಿಗೆ ಕಡಿಸ್ಕೊಂಡು ಇಬ್ಬರೂ ಒಂದೇ ಆಟೋದಲ್ಲಿ ಬಂದಿರೋ ಕಥೆಗಳಿವೆ. ದೂರದಿಂದ ಫೋಟೋ ಸಿಕ್ಕಿದ್ರೆ ಸರಿ, ಸಿಗದಿದ್ರೂ ಸರಿ. ಹೊಡೆಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಕೂಡ. ಕೇರೆ ಹಾವನ್ನಂತೂ ಬಿಟ್ಟುಬಿಡಿ, ಇಲಿ ಹಿಡಿಯೋದ್ರಲ್ಲಿ ಬೆಕ್ಕಿಗಿಂತ ನಿಯತ್ತು.

ಮಲೆನಾಡಿಗ_74
ನಮ್ಮ ಆಗುಂಬೆ ಕಡೆ ಕಾಳಿಂಗ ಮನೆ ಅಟ್ಟಕ್ಕೇ ಬರುತ್ತೆ. ಅದಕ್ಕೆ ಏನು ಮಾಡೋದು?

ಕೇರೆಹಾವಿನ_ಗೆಳೆಯ
ಬಾಗಿಲು ತೆರೆದಿಟ್ಟು ದೂರ ನಿಂತ್ಕೊಳ್ಳಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ನೋಡೋಕೆ ದೊಡ್ಡದು, ಅದು ಮನುಷ್ಯರಿಗೆ ಕಡಿಯೋದು ತೀರಾ ಅಪರೂಪ. ಅದರ ಊಟವೇ ಬೇರೆ ಹಾವುಗಳು. ಪಶ್ಚಿಮಘಟ್ಟದ ಕಾಳಿಂಗ ಬೇರೆಯೇ ಜಾತಿ ಅಂತ 2024ರಲ್ಲಿ ತೀರ್ಮಾನ ಆಗಿ ವೈಜ್ಞಾನಿಕ ಹೆಸರಲ್ಲೇ "ಕಾಳಿಂಗ" ಸೇರಿದೆ. ಜನ ಕಾಳಿಂಗಕ್ಕೆ ಹೆದರ್ತಾರೆ, ಕಾಲಡಿಯಲ್ಲಿರೋ ಕೊಳಕುಮಂಡಲನ ಹೆಬ್ಬಾವಿನ ಮರಿ ಅಂತ ಎತ್ತಿಕೊಳ್ತಾರೆ.

ಎರಿಹೊಲ
ಮಂಡಲ ಉಸಿರು ತಾಗಿದ್ರನ ಮೈ ಕೊಳೀತೈತಿ ಅಂತಾರಲ್ರಿ ನಮ್ಮ ಕಡೆ?

ರಾತ್ರಿಪಾಳಿ
ಇಲ್ಲ, ಕಡಿದ್ರೆ ಮಾತ್ರ. ಕುಕ್ಕರ್ ಸೀಟಿ ಥರ ಜೋರಾಗಿ ಬುಸ್ ಅನ್ನುತ್ತೆ. ಆ ಸದ್ದು ಕೇಳಿದ್ರೆ ನಿಂತಲ್ಲೇ ನಿಂತು, ಎಲ್ಲಿದೆ ಅಂತ ನೋಡಿ ಹಿಂದೆ ಸರೀರಿ.

ಕಾನುಮನೆ
ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಓದಿಸಿದೆ, ಹೆಡ್‌ಲೈಟ್ ಟಾರ್ಚು ತರೋಕೆ ಒಪ್ಪಿದ್ದಾರೆ. ನಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಿ ಆಂಟಿವೆನಮ್ ಇದೆಯಾ, ರಾತ್ರಿ ಯಾರಿರ್ತಾರೆ ಅಂತ ಕೇಳಿ ಬಂದೆ. ಮದ್ದಿದೆ, ರಾತ್ರಿ ಡಾಕ್ಟರ್ ಇರಲ್ಲ. ಹಾಗಾಗಿ ರಾತ್ರಿ ಆದ್ರೆ ನೇರ ತಾಲ್ಲೂಕು ಆಸ್ಪತ್ರೆ ಅಂತ ಗೋಡೆ ಮೇಲೆ ನಂಬರ್ ಸಮೇತ ಬರೆದಿಟ್ಟಿದ್ದೀವಿ. ಕೆಲಸಕ್ಕೆ ಬರೋ ಹೆಂಗಸರಿಗೆ ಗಂಬೂಟು ತರಿಸಬೇಕು ಅಂತಿದ್ದೀನಿ. ಅಂಗಡೀಲಿ ಎಲ್ಲ ಗಂಡಸರ ಸೈಜು, ಎಂಟು ಒಂಬತ್ತು. ಸಣ್ಣದು ಎಲ್ಲಿ ಸಿಗುತ್ತೆ?

ಸುಬ್ಬಕ್ಕ_ಸಿರ್ಸಿ
ಗೊಬ್ಬರದ ಅಂಗಡಿಯವಂಗೆ ಮೊದಲೇ ಹೇಳಿದ್ರೆ ಐದು, ಆರು ತರಿಸಿಕೊಡ್ತ. ಸೀರೆ ಮೇಲೆ ಹಾಕ್ಕೊಳ್ಳೋಕೆ ನಾಚ್ಕೆ ಪಡ್ತ ಮೊದಲು, ಮೊಣಕಾಲಿನದ್ದು ಬೇಡ, ಅರ್ಧದ್ದು ತಗೋ, ಅದಾದ್ರೆ ಹಾಕ್ತ. ಉದ್ದ ಸಾಕ್ಸೂ ಕೊಡು, ಇಲ್ಲದಿದ್ರೆ ಹಿಮ್ಮಡಿ ಸುಲಿದು ಎರಡನೇ ದಿನ ಬಿಟ್ಟು ಹಾಕ್ತ.

ಮಂಡ್ಯದ_ಗಂಡು
ಬೂಟ್ನ ರಾತ್ರಿ ಹೊರಗ್ ಬಿಡ್ಬೇಡಿ ಅಕ್ಕೋ. ಬೆಳಗ್ಗೆ ತಲೆಕೆಳಗ್ ಮಾಡಿ ಒದ್ರಿ ಹಾಕ್ಕಳಿ. ನಮ್ಮನೇಲಿ ಕಪ್ಪೆ ಬಿತ್ತು, ಚೇಳೂ ಬಿತ್ತು.